ಸವೆದ ಗೇರಿಗೆ ಬದಲಿ ಹುಡುಕುವಾಗ ಮಾಡ್ಯೂಲ್ ಲೆಕ್ಕ

ಥಿಕ್‌ನೆಸ್ ಪ್ಲೇನರಿನಂತಹ (ಹಲಗೆಯನ್ನು ಒಂದೇ ದಪ್ಪಕ್ಕೆ ಹೆರೆಯುವ ಯಂತ್ರ) ಸಣ್ಣ ಮರಗೆಲಸದ ಯಂತ್ರದ ಗೇರ್‌ಬಾಕ್ಸಿನಲ್ಲಿ ಗೇರೊಂದು ಸವೆದು ಅದರ ಮೂಲ ಬಿಡಿಭಾಗ ಸಿಗದಿದ್ದರೆ, ಗೇರಿನ ಹೊರವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು, ಹಲ್ಲುಗಳ ಸಂಖ್ಯೆಗೆ 2 ಕೂಡಿಸಿದ ಮೊತ್ತದಿಂದ ಭಾಗಿಸಿ. ಬರುವ ಉತ್ತರವೇ ಅದರ ಮಾಡ್ಯೂಲ್, ಅಂದರೆ ಹಲ್ಲಿನ ಗಾತ್ರ ಹೇಳುವ ಅಳತೆ. ಸಾಮಾನ್ಯ ನೇರ ಹಲ್ಲಿನ ಗೇರಿನಲ್ಲಿ ಹಲ್ಲು ಪಿಚ್ ವೃತ್ತದಿಂದ (ಎರಡು ಗೇರುಗಳು ಒಂದನ್ನೊಂದು ಮುಟ್ಟಿ ಉರುಳುವಂತೆ ಎಣಿಸುವ ಕಾಲ್ಪನಿಕ ವೃತ್ತ) ಒಂದು ಮಾಡ್ಯೂಲಿನಷ್ಟು ಹೊರಚಾಚಿರುತ್ತದೆ, ಆದ್ದರಿಂದಲೇ ಈ ಲೆಕ್ಕ ಕೂಡಿಬರುತ್ತದೆ: 38 ಹಲ್ಲು, 60 ಮಿ.ಮೀ. ವ್ಯಾಸವಿದ್ದರೆ ಮಾಡ್ಯೂಲ್ 1.5. ಹಲ್ಲಿನ ತುದಿಯೇ ಸವೆದಿದ್ದರೆ ಈ ಅಳತೆ ಕಡಿಮೆ ಬರುತ್ತದೆ. ಆಗ ಎರಡು ಶಾಫ್ಟುಗಳ ಕೇಂದ್ರಗಳ ನಡುವಿನ ದೂರವನ್ನು ದ್ವಿಗುಣಗೊಳಿಸಿ, ಎರಡೂ ಗೇರುಗಳ ಒಟ್ಟು ಹಲ್ಲುಗಳಿಂದ ಭಾಗಿಸುವುದು ಹೆಚ್ಚು ನಂಬಿಕೆಗೆ ಅರ್ಹ. ಮೇಲಿನ ಗೇರು 18 ಹಲ್ಲಿನ ಜೊತೆ ಗೇರಿನೊಂದಿಗೆ ಕೂಡಿದ್ದರೆ ಆ ದೂರ 42 ಮಿ.ಮೀ. ಇರಬೇಕು. ಓರೆ ಹಲ್ಲಿನ ಗೇರುಗಳಿಗೆ ಈ ಸೂತ್ರ ನೇರವಾಗಿ ಒಗ್ಗುವುದಿಲ್ಲ. 17ಕ್ಕಿಂತ ಕಡಿಮೆ ಹಲ್ಲಿನ ಪಿನಿಯನ್ನುಗಳನ್ನು (ಜೋಡಿಯಲ್ಲಿನ ಚಿಕ್ಕ ಗೇರುಗಳನ್ನು) ಹಲವು ಬಾರಿ ತುಸು ದೊಡ್ಡದಾಗಿಯೇ ಕತ್ತರಿಸಿರುವುದರಿಂದ ಅಲ್ಲಿಯೂ ಉತ್ತರ ತಪ್ಪಬಹುದು. ಉತ್ತರ 1.27ರ ಹಾಗೆ ವಿಚಿತ್ರವಾಗಿ ಬಂದರೆ ಅದು ಅಂಗುಲದ ಪದ್ಧತಿಯ ಗೇರಿರಬಹುದು, 25.4ನ್ನು ಆ ಅಂಕಿಯಿಂದ ಭಾಗಿಸಿ 20ರಂತಹ ಪೂರ್ಣಾಂಕ ಬರುತ್ತದೆಯೇ ನೋಡಿ. ಹಲ್ಲಿನ ಒತ್ತಡ ಕೋನ (ಹಲ್ಲಿನ ಬದಿಯ ಓರೆ, ಸಾಮಾನ್ಯವಾಗಿ 20 ಡಿಗ್ರಿ), ಗೇರಿನ ಅಗಲ, ಶಾಫ್ಟ್ ಕೂರುವ ರಂಧ್ರ ಮತ್ತು ಕೀ ಕೂರುವ ತೋಡುಗಳನ್ನು (ಕೀವೇ) ಬೇರೆಯಾಗಿಯೇ ಹೊಂದಿಸಬೇಕು. ನೈಲಾನ್ ಗೇರಿನ ಜಾಗಕ್ಕೆ ಉಕ್ಕಿನದನ್ನು ಹಾಕುವ ಆಸೆಯನ್ನು ದಯವಿಟ್ಟು ಬಿಡಿ, ಏಕೆಂದರೆ ಮರ ಸಿಕ್ಕಿಕೊಂಡಾಗ ಮೊದಲು ಮುರಿದು ಮೋಟಾರನ್ನೂ ಉಳಿದ ಗೇರುಗಳನ್ನೂ ಕಾಪಾಡುವುದು ಅನೇಕ ಯಂತ್ರಗಳಲ್ಲಿ ಆ ನೈಲಾನ್ ಗೇರೇ.