ಕನ್ನಡಕ ಕೊಟ್ಟ ಮೇಲೆಯೇ ಕೆಲಸ ಶುರು

ನಾನು ಆಪ್ಟೊಮೆಟ್ರಿಸ್ಟ್, ಅಂದರೆ ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರ್ ಬರೆಯುವುದು ನನ್ನ ಕೆಲಸ. ಒಂದು ಧರ್ಮಾರ್ಥ ಕಣ್ಣಾಸ್ಪತ್ರೆಯ ಪರವಾಗಿ ರಾಯಚೂರು ಜಿಲ್ಲೆಯಲ್ಲಿ ಶಿಬಿರ ಮಾಡುತ್ತೇನೆ, ಸಿಂಧನೂರು, ಮಾನ್ವಿ, ಲಿಂಗಸುಗೂರು ಕಡೆ ಜಾಸ್ತಿ. ಉಚಿತ ಶಿಬಿರ ಅಂದ ಕೂಡಲೇ "ಎಷ್ಟು ಜನರನ್ನು ನೋಡಿದಿರಿ?" ಎಂದು ಕೇಳುತ್ತಾರೆ. ನೋಡುವುದು ಸುಲಭ. ಆ ಹುಡುಗಿ ಮೂರು ತಿಂಗಳ ಮೇಲೂ ಕನ್ನಡಕ ಹಾಕುತ್ತಿದ್ದಾಳಾ, ಆ ಅಜ್ಜ ಆಪರೇಷನ್ನಿಗೆ ಬಸ್ ಹತ್ತಿದರಾ ಅನ್ನುವುದನ್ನು ನಾನು ಲೆಕ್ಕ ಇಡುತ್ತೇನೆ.

ಶಾಲೆಯಿಂದ ಶುರು ಮಾಡುತ್ತೇನೆ. ಮೊದಲ ಸುತ್ತು ಮೇಷ್ಟ್ರುಗಳದ್ದೇ. ಆರು ಮೀಟರ್ ದೂರ ಅಳೆದು ಗೆರೆ ಹಾಕುವುದು, ಇಂಗ್ಲಿಷಿನ 'ಇ' ಅಕ್ಷರದ ಕಾರ್ಡು ಹಿಡಿಯುವುದು, ಅದರ ಕಡ್ಡಿಗಳು ಯಾವ ಕಡೆ ತಿರುಗಿವೆ ಎಂದು ಮಗು ಕೈಯಲ್ಲಿ ತೋರಿಸಿದರೆ ಆಯಿತು, ಅಕ್ಷರ ಬರಬೇಕೆಂದಿಲ್ಲ. ಸಾಲಿನಲ್ಲಿ ನಿಂತ ಮಕ್ಕಳು ಮುಂದಿನವರ ಉತ್ತರ ನೋಡಿ ಬಾಯಿಪಾಠ ಮಾಡಿಬಿಡುತ್ತಾರೆ. ಅದಕ್ಕೇ ಸಾಲು ಕೋಣೆಯ ಹೊರಗೆ ನಿಲ್ಲಬೇಕು, ಕಾರ್ಡನ್ನು ಪ್ರತಿ ಸಲ ತಿರುಗಿಸಬೇಕು. ಕಣ್ಣು ಮುಚ್ಚುವುದು ಅಂಗೈಯಿಂದ, ಬೆರಳಿಂದ ಅಲ್ಲ, ಸಂದಿಯಲ್ಲಿ ಇಣುಕುತ್ತಾರೆ! ಒಂದೊಂದೇ ಕಣ್ಣು ಮುಚ್ಚಿ ನೋಡುವುದನ್ನು ಮಾತ್ರ ಯಾರೂ ಬಿಡಬಾರದು. ಒಂದು ಕಣ್ಣು ಚೆನ್ನಾಗಿದ್ದರೆ ಇನ್ನೊಂದು ಮಂಜಾಗಿದೆ ಅನ್ನುವುದು ಮಗುವಿಗೇ ಗೊತ್ತಿರುವುದಿಲ್ಲ. ಹುಟ್ಟಿದಾಗಿನಿಂದ ಹಾಗೇ ಕಂಡಿದ್ದರೆ ಎಲ್ಲರಿಗೂ ಹೀಗೇ ಕಾಣುತ್ತದೆ ಎಂದುಕೊಂಡಿರುತ್ತದೆ, ಪಾಪ. ಆ ಮಂಜಾದ ಕಣ್ಣನ್ನು ಮೆದುಳು ಬಳಸುವುದನ್ನೇ ಬಿಡುತ್ತದೆ, ಅದೇ ಸೋಮಾರಿ ಕಣ್ಣು. ಏಳೆಂಟು ವರ್ಷದೊಳಗೆ ಹಿಡಿದು ಕನ್ನಡಕ ಕೊಟ್ಟು, ಡಾಕ್ಟರ್ ಹೇಳಿದಷ್ಟು ಹೊತ್ತು ಒಳ್ಳೆಯ ಕಣ್ಣಿಗೆ ಪಟ್ಟಿ ಹಾಕಿದರೆ ದೃಷ್ಟಿ ಚೆನ್ನಾಗಿ ಸುಧಾರಿಸುತ್ತದೆ. ತಡವಾದಷ್ಟೂ ಕಷ್ಟ.

ಕಾಣದ ಮಕ್ಕಳು ನನ್ನ ಬಳಿ ಬರುತ್ತಾರೆ. ಸಣ್ಣ ತೂತಿನ ಫಲಕ ಹಿಡಿದು ನೋಡಿಸುತ್ತೇನೆ. ತೂತಿನಲ್ಲಿ ಚೆನ್ನಾಗಿ ಕಂಡರೆ ಬಹುತೇಕ ಕನ್ನಡಕದ ನಂಬರೇ, ಕಾಣದಿದ್ದರೆ ಬೇರೇನೋ ಇದೆ, ಡಾಕ್ಟರ್ ಹತ್ತಿರ ಕಳಿಸುತ್ತೇನೆ. ಚಿಕ್ಕ ಮಕ್ಕಳ ಕಣ್ಣೊಳಗಿನ ಸ್ನಾಯು ಬಿಗಿ ಹಿಡಿದು ನಿಜವಾದ ನಂಬರನ್ನು ಮರೆಮಾಚಿಬಿಡುತ್ತದೆ, ಆದ್ದರಿಂದ ಡ್ರಾಪ್ಸ್ ಹಾಕಿ ಸಡಿಲ ಮಾಡಿದ ಮೇಲೆಯೇ ನಂಬರ್ ಬರೆಯುವುದು. ಆಮೇಲೆ ಸ್ವಲ್ಪ ಹೊತ್ತು ಹತ್ತಿರದ್ದು ಮಂಜಾಗುತ್ತದೆ, ಬಿಸಿಲು ಕುಕ್ಕುತ್ತದೆ, ಇದನ್ನು ಮನೆಯವರಿಗೆ ಮೊದಲೇ ಹೇಳಬೇಕು. ಪಾಪೆ ಬೆಳ್ಳಗೆ ಹೊಳೆಯುವ ಮಗು ಕಂಡರೆ ಮಾತ್ರ ಒಂದು ದಿನವೂ ಕಾಯುವುದಿಲ್ಲ. ಅದು ಹುಟ್ಟು ಪೊರೆ ಇರಬಹುದು, ಕಣ್ಣಿನ ಕ್ಯಾನ್ಸರ್ ಕೂಡ ಇರಬಹುದು.

ಕನ್ನಡಕ ಕೊಟ್ಟು ಫೋಟೊ ತೆಗೆಸಿಕೊಂಡು ಬಂದರೆ ಅದು ಪಾಟೀಚೀಲದ ತಳ ಸೇರುತ್ತದೆ. ಎಲ್ಲರಿಗೂ ಒಂದೇ ಕಪ್ಪು ದಪ್ಪ ಫ್ರೇಮ್ ಕೊಟ್ಟರಂತೂ ಮುಗಿಯಿತು. ನಾವು ಬಣ್ಣಬಣ್ಣದ ಫ್ರೇಮುಗಳ ಪೆಟ್ಟಿಗೆ ಒಯ್ದು ಮಕ್ಕಳೇ ಆರಿಸಲಿ ಎಂದು ಬಿಡುತ್ತೇವೆ. ಹೆಣ್ಣು ಮಗುವಾದರೆ ತಾಯಿ ಜೊತೆ ಕೂತು ಮಾತಾಡಲೇಬೇಕು. "ಈಗ್ಲೇ ಚಸ್ಮಾ ಹಾಕಿದ್ರ ಮುಂದ ಯಾರು ಮಾಡ್ಕೋತಾರ್ರೀ ಇವಳ್ನ?" ಎಂಬ ಹೆದರಿಕೆ ಇನ್ನೂ ಇದೆ. ಬೈದರೆ ಅದು ಹೋಗುವುದಿಲ್ಲ. ಕನ್ನಡಕ ಹಾಕಿಸಿ, ಬೀದಿಯ ಆ ತುದಿಯಲ್ಲಿ ಅವ್ವನನ್ನು ನಿಲ್ಲಿಸಿ ಮಗಳಿಗೆ ತೋರಿಸಿದರೆ ಅರ್ಧ ಕೆಲಸ ಆಗುತ್ತದೆ. ಕೆಲವು ತಿಂಗಳು ಬಿಟ್ಟು, ಹೇಳದೆ ಕೇಳದೆ ಅದೇ ಶಾಲೆಗೆ ಹೋಗುತ್ತೇನೆ. ಮುರಿದದ್ದಕ್ಕೆ ಅಲ್ಲೇ ಬೇರೆ ಕೊಡುತ್ತೇವೆ. ಮುರಿಯಿತು ಎಂದು ಹೇಳಲು ಹೆದರಿ ಸುಮ್ನೆ ಕೂತ ಮಕ್ಕಳು ಎಲ್ಲ ಶಾಲೆಯಲ್ಲೂ ಸಿಗುತ್ತಾರೆ.

ಹಿರಿಯರ ಕಥೆ ಬೇರೆ. ಓದಲು ಬಾರದ ಅಜ್ಜಿಯಂದಿರಿಗೆ ಹತ್ತಿರದ ಅಕ್ಷರದ ಕಾರ್ಡು ಕೊಟ್ಟು ಏನು ಉಪಯೋಗ? ನಾನು ಸೂಜಿ ದಾರ ಕೊಡುತ್ತೇನೆ. ಪ್ಲಸ್ ನಂಬರಿನ ಕನ್ನಡಕ ಹಾಕಿ ದಾರ ಪೋಣಿಸಿದ ಕೂಡಲೇ "ಇನ್ನ ಕೌದಿ ಹೊಲೀಬಹುದು ಬಿಡು" ಅನ್ನುತ್ತಾರೆ, ಆ ಮುಖ ನೋಡಬೇಕು ನೀವು.

ಪೊರೆಯವರನ್ನು ಒಪ್ಪಿಸುವುದೇ ಕಷ್ಟ. "ಇನ್ನೆಷ್ಟು ದಿನ ಇರ್ತೀನಿ ಯಪ್ಪಾ, ಯಾಕ ಬೇಕು" ಎಂದು ಒಬ್ಬರು, ಪೊರೆ ಬಲಿಯಲಿ ಎಂದು ಇನ್ನೊಬ್ಬರು, ಬೇಸಿಗೆಯಲ್ಲಿ ಬೇಡ ಎಂದು ಮತ್ತೊಬ್ಬರು. ಬಲಿಯುವವರೆಗೆ ಕಾಯುವ ಅಗತ್ಯ ಈಗಿಲ್ಲ, ತೀರಾ ಬಲಿತರೆ ಆಪರೇಷನ್ನೇ ಕಷ್ಟ. ಬೇಸಿಗೆಯಲ್ಲೂ ಮಾಡಿಸಬಹುದು. ಇದನ್ನು ನಾನು ಹೇಳುವುದಕ್ಕಿಂತ ಅದೇ ಊರಲ್ಲಿ ಆಪರೇಷನ್ ಆದ ಒಬ್ಬ ಅಜ್ಜಿಯನ್ನು ಶಿಬಿರದಲ್ಲಿ ಕೂರಿಸಿದರೆ ಸಾಕು, ಅವರ ಮಾತಿಗೆ ಬೆಲೆ ಜಾಸ್ತಿ. ವಯಸ್ಸಾದವರು ಕೆಲವರು ಮೋದಿ ಡಾಕ್ಟರನ್ನು ನೆನೆಯುತ್ತಾರೆ, ಬೀಳಗಿಯ ಎಂ.ಸಿ. ಮೋದಿಯವರು, 1968ರಲ್ಲಿ ಪದ್ಮಭೂಷಣ ಬಂದವರು. "ಅವ್ರು ಊರಿಗೇ ಬಂದು ಮಾಡ್ತಿದ್ರು, ನೀವ್ಯಾಕ ಬಸ್ಸಿನ್ಯಾಗ ಒಯ್ತೀರಿ?" ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಈಗ ಸೋಂಕು ಆಗಬಾರದೆಂದು ಆಸ್ಪತ್ರೆಯ ಥಿಯೇಟರಿನಲ್ಲೇ ಮಾಡುತ್ತಾರೆ, ಪೊರೆ ತೆಗೆದು ಕಣ್ಣೊಳಗೆ ಕೂರಿಸುವ ಲೆನ್ಸಿನ ನಂಬರ್ ಅಳೆಯುವ ಯಂತ್ರವೂ ಅಲ್ಲೇ ಇದೆ. ಸಮಾಧಾನವಾಗಿ ಹೇಳಿದರೆ ಒಪ್ಪುತ್ತಾರೆ.

ಬಸ್ ಹತ್ತಿಸುವ ಮೊದಲೇ ಬಿಪಿ, ಶುಗರ್ ನೋಡುತ್ತೇವೆ, ಮೂಗಿನ ಪಕ್ಕ ಇರುವ ಕಣ್ಣೀರಿನ ಚೀಲ ಒತ್ತಿ ಕೀವು ಬರುತ್ತದಾ ನೋಡುತ್ತೇವೆ. ಕೀವಿದ್ದರೆ ಅದು ಕಣ್ಣೊಳಗೆ ಹೋಗಬಹುದು, ಆಪರೇಷನ್ ಮುಂದೂಡಬೇಕು. ಆಸ್ಪತ್ರೆಯವರೆಗೆ ಹೋಗಿ ವಾಪಸ್ ಬಂದವರು ಮತ್ತೆ ಬರುವುದು ಕಷ್ಟ, ಅವರನ್ನು ನೋಡಿದ ಊರವರೂ ಹಿಂಜರಿಯುತ್ತಾರೆ.

ಭತ್ತದ ಸೀಮೆಯಲ್ಲಿ ಇನ್ನೊಂದು ಇದೆ. ರಾಶಿ ಮಾಡುವಾಗ ಹೊಟ್ಟು ಕಣ್ಣಿಗೆ ಬಡಿದು ಗಾಯವಾಗುತ್ತದೆ, ಸೊಪ್ಪಿನ ರಸ ಹಿಂಡುತ್ತಾರೆ ಅಥವಾ ಅಂಗಡಿಯಿಂದ ಯಾವುದೋ ಡ್ರಾಪ್ಸ್ ತರುತ್ತಾರೆ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಬೂಷ್ಟಿನ ಸೋಂಕು ಇನ್ನೂ ಹಬ್ಬುತ್ತದೆ, ಕಪ್ಪು ಗುಡ್ಡೆಯ ಮೇಲೆ ಬಿಳಿ ಕಲೆ ಉಳಿದುಬಿಡುತ್ತದೆ. ಸುಗ್ಗಿಗೆ ಮೊದಲೇ ಆಶಾ ಕಾರ್ಯಕರ್ತೆಯರ ಜೊತೆ ಕೂತು ಈ ಮಾತು ಹೇಳಿ ಬರುತ್ತೇನೆ: ಚೊಕ್ಕ ನೀರಿನಲ್ಲಿ ತೊಳೆಯಿರಿ, ಉಜ್ಜಬೇಡಿ, ಅವತ್ತೇ ಕಣ್ಣಿನ ಡಾಕ್ಟರ್ ಹತ್ತಿರ ಕಳಿಸಿ.

ಶಿಬಿರಕ್ಕೆ ಸಹಾಯ ಮಾಡಬೇಕು ಅನ್ನುವವರು ಆಗಾಗ ಫೋನ್ ಮಾಡುತ್ತಾರೆ. ಪೆಂಡಾಲು, ಬ್ಯಾನರು, ಊಟ ಎಂದು ಕೇಳುತ್ತಾರೆ. ನಾನು ಕೇಳುವುದು ಎರಡೇ: ಮುರಿದ ಕನ್ನಡಕ ಬದಲಿಸಲು ದುಡ್ಡು, ಆಮೇಲೆ ಅಜ್ಜ ಅಜ್ಜಿಯ ಜೊತೆ ಬರುವ ಮಗ ಸೊಸೆಗೆ ತಪ್ಪುವ ಕೂಲಿ. ಹತ್ತಿ ಬಿಡಿಸುವ ದಿನಗಳಲ್ಲಿ ಎಷ್ಟೋ ಆಪರೇಷನ್ ನಿಲ್ಲುವುದು ಆ ಕೂಲಿಗಾಗಿಯೇ.