ಫೈನಾನ್ಷಿಯಲ್ ಏಡ್ ಅರ್ಜಿಗೆ ಎಷ್ಟು ಖರ್ಚು? ನಮ್ಮ ಮನೆಯ ಲೆಕ್ಕ

ಅಮೆರಿಕದಲ್ಲಿ ಮಕ್ಕಳು ಹನ್ನೆರಡನೇ ಕ್ಲಾಸಿಗೆ ಬಂದರೆ ಸಾಕು, ಫೀಸಿನ ಮೇಲೆ ಫೀಸು ಶುರುವಾಗುತ್ತದೆ. ಪರೀಕ್ಷೆಗೆ ಒಂದು, ಅಂಕ ಕಳಿಸುವುದಕ್ಕೆ ಇನ್ನೊಂದು, ಪ್ರತಿ ಕಾಲೇಜಿನ ಅರ್ಜಿಗೆ ಮತ್ತೊಂದು. ಇಷ್ಟೆಲ್ಲಾ ಕಟ್ಟಿದ ಮೇಲೆ, "ನಮಗೆ ಇಷ್ಟು ದುಡ್ಡು ಹೊಂದಿಸಲು ಆಗಲ್ಲ, ಸಹಾಯ ಮಾಡಿ" ಅಂತ ಕೇಳುವುದಕ್ಕೂ ಫೀಸು ಇದೆ ಅಂದರೆ ಯಾರಿಗಾದರೂ ಬೇಸರವಾಗುತ್ತದೆ. ನನಗಂತೂ ಆಯಿತು. ಮಗಳ ಅರ್ಜಿಗಳನ್ನೆಲ್ಲ ನಾವೇ ಮನೆಯಲ್ಲಿ ಕೂತು ತುಂಬಿದೆವು. ಎಲ್ಲಿ ದುಡ್ಡು ಕೊಡಬೇಕು, ಎಲ್ಲಿ ಬಿಡಿಗಾಸೂ ಕೊಡಬಾರದು ಅನ್ನುವುದು ಈಗ ಚೆನ್ನಾಗಿ ಗೊತ್ತಾಗಿದೆ. ಈ ವರ್ಷ ಇದೇ ಕೆಲಸಕ್ಕೆ ಕೂರುವವರಿಗಾಗಿ ಬರೆಯುತ್ತಿದ್ದೇನೆ.

ಫೈನಾನ್ಷಿಯಲ್ ಏಡ್, ಅಂದರೆ ಓದಿನ ಖರ್ಚಿಗೆ ಸಹಾಯ ಕೇಳುವ ಅರ್ಜಿಗಳು ಮುಖ್ಯವಾಗಿ ಎರಡು. ಒಂದು ಸರ್ಕಾರದ ಫಾಫ್ಸಾ (ಫ್ರೀ ಅಪ್ಲಿಕೇಶನ್ ಫಾರ್ ಫೆಡರಲ್ ಸ್ಟೂಡೆಂಟ್ ಏಡ್). ಇನ್ನೊಂದು, ಎಸ್.ಎ.ಟಿ. ಅನ್ನುವ ಕಾಲೇಜು ಪ್ರವೇಶ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಸಂಸ್ಥೆಯ ಸಿ.ಎಸ್.ಎಸ್. ಪ್ರೊಫೈಲ್. ಎರಡೂ ಸಾಮಾನ್ಯವಾಗಿ ಅಕ್ಟೋಬರ್ 1ರ ಹೊತ್ತಿಗೆ ತೆರೆಯುತ್ತವೆ.

ಫಾಫ್ಸಾಗೆ ಒಂದು ಪೈಸೆಯೂ ಇಲ್ಲ. ಸ್ಟೂಡೆಂಟ್‌ಏಡ್ ಡಾಟ್ ಗವ್ ಅನ್ನುವ ಸರ್ಕಾರಿ ತಾಣದಲ್ಲೇ ತುಂಬಬೇಕು. ಹೆಸರಿನ ಮೊದಲ ಪದವೇ "ಉಚಿತ" ಅಂತಿದ್ದರೂ ಇದಕ್ಕೆ ದುಡ್ಡು ಕೇಳುವವರು ಇದ್ದಾರೆ. ನಮಗೆ ಪರಿಚಯದವರೊಬ್ಬರ ಹತ್ತಿರ ಒಬ್ಬ ಸಲಹೆಗಾರ ಬರೀ ಇದನ್ನು ತುಂಬಿಕೊಡಲು ಕೆಲವು ನೂರು ಡಾಲರ್ ಕೇಳಿದ್ದ. ದಯವಿಟ್ಟು ಕೊಡಬೇಡಿ. 2024–25ರಿಂದ ಈ ಫಾರಂ ತುಂಬಾ ಚಿಕ್ಕದಾಗಿದೆ. ನೀವು ಒಪ್ಪಿಗೆ ಕೊಟ್ಟರೆ ಆದಾಯದ ವಿವರ ಐ.ಆರ್.ಎಸ್. ಅನ್ನುವ ತೆರಿಗೆ ಇಲಾಖೆಯಿಂದ ನೇರವಾಗಿ ಬರುತ್ತದೆ. ಗಂಡ ಹೆಂಡತಿ ಜಂಟಿಯಾಗಿ ಟ್ಯಾಕ್ಸ್ ಫೈಲ್ ಮಾಡಿದ್ದರೆ ಅವರಿಬ್ಬರಲ್ಲಿ ಒಬ್ಬರು ಖಾತೆ ತೆರೆದರೆ ಸಾಕು. ಒಂದೇ ಅರ್ಜಿಯಲ್ಲಿ 20 ಕಾಲೇಜುಗಳ ತನಕ ಹಾಕಬಹುದು, ಹೆಚ್ಚು ಹಾಕಿದರೂ ಖರ್ಚಿಲ್ಲ.

ನಮ್ಮವರಿಗೆ ಇಲ್ಲಿ ತೊಡಕಾಗುವುದು ಹೆಸರಿನಲ್ಲಿ. ಅಪ್ಪನ ಹೆಸರೋ ಊರಿನ ಹೆಸರೋ ಕೊನೆಯ ಹೆಸರಾಗಿರುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದು ಥರ, ಬ್ಯಾಂಕಿನಲ್ಲಿ ಇನ್ನೊಂದು ಥರ. ಫಾಫ್ಸಾ ಖಾತೆಯಲ್ಲಿ ಮಾತ್ರ ಸೋಶಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಇರುವ ಹಾಗೇ ಇರಬೇಕು. ಅದಕ್ಕೇ ನಮ್ಮನೆಯವರು ಮೂವರ ಕಾರ್ಡನ್ನೂ ಮೊದಲೇ ತೆಗೆದು ಮೇಜಿನ ಮೇಲೆ ಇಟ್ಟಿದ್ದರು. ಅದನ್ನು ನೋಡಿಕೊಂಡೇ ಅಕ್ಷರ ಅಕ್ಷರ ಟೈಪ್ ಮಾಡಿದೆವು.

ಇನ್ನು ದುಡ್ಡಿನ ವಿಷಯಕ್ಕೆ ಬರೋಣ. ಸಿ.ಎಸ್.ಎಸ್. ಪ್ರೊಫೈಲ್‌ಗೆ ಮೊದಲ ಕಾಲೇಜೂ ಸೇರಿ 25 ಡಾಲರ್. ಆಮೇಲೆ ಪ್ರತಿ ಕಾಲೇಜಿಗೆ 16 ಡಾಲರ್. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಫಾಫ್ಸಾ ಒಂದೇ ಸಾಕು. ತಮ್ಮ ಸ್ವಂತ ನಿಧಿಯಿಂದ ಜಾಸ್ತಿ ಸಹಾಯ ಕೊಡುವ ಖಾಸಗಿ ಕಾಲೇಜುಗಳು ಪ್ರೊಫೈಲ್ ಕೇಳುತ್ತವೆ. ಮಿಷಿಗನ್, ವರ್ಜೀನಿಯಾದಂಥ ಕೆಲವು ಸರ್ಕಾರಿ ವಿಶ್ವವಿದ್ಯಾಲಯಗಳೂ ಕೇಳುತ್ತವೆ. ಸಹಾಯ ಬೇಕು ಅನ್ನುವವರ ಹತ್ತಿರವೇ ಫೀಸು ತೆಗೆದುಕೊಳ್ಳುವುದು ನನ್ನ ಪ್ರಕಾರ ಸರಿಯಲ್ಲ. ಆ ಖರ್ಚನ್ನು ಕಾಲೇಜುಗಳೇ ಹೊರಬೇಕು. ಸದ್ಯಕ್ಕೆ ವ್ಯವಸ್ಥೆ ಹೀಗಿದೆ, ಅದರೊಳಗೇ ದಾರಿ ನೋಡಬೇಕು.

ಮೊದಲು ನೋಡಬೇಕಾದದ್ದು ಫೀಸು ಮಾಫಿ. ಇಲ್ಲಿನ ಪದವಿ ವಿದ್ಯಾರ್ಥಿಗಳಿಗೆ ಕುಟುಂಬದ ಆದಾಯ ಒಂದು ಲಕ್ಷ ಡಾಲರ್ ಒಳಗಿದ್ದರೆ ಪ್ರೊಫೈಲ್ ಪೂರ್ತಿ ಉಚಿತ. ಎಸ್.ಎ.ಟಿ. ಫೀಸು ಮಾಫಿ ಸಿಕ್ಕ ಮಕ್ಕಳಿಗೂ ಉಚಿತ. ಬೇರೆ ಅರ್ಜಿ ಬರೆದು ಬೇಡಿಕೊಳ್ಳುವುದು ಏನೂ ಇಲ್ಲ. ನೀವು ತುಂಬಿದ ವಿವರದ ಮೇಲೆ ಅದೇ ಲೆಕ್ಕ ಹಾಕುತ್ತದೆ. "ನಮ್ಮ ಸಂಬಳ ಲಕ್ಷ ದಾಟಿದೆ, ನಮಗೆ ಸಿಗಲ್ಲ" ಅಂತ ಸುಮ್ನೆ ಕೈಬಿಡಬೇಡಿ. ಇಲ್ಲಿ ಆದಾಯ ಅಂದರೆ ಪೂರ್ತಿ ಸಂಬಳ ಅಲ್ಲ. ಕೆಲವು ಕಡಿತಗಳನ್ನು ಕಳೆದ ಮೇಲೆ ಟ್ಯಾಕ್ಸ್ ಫಾರಂನಲ್ಲಿ ಎ.ಜಿ.ಐ. ಅಂತ ಬರುವ ಮೊತ್ತ. 2024ರ 1040 ಅನ್ನುವ ಟ್ಯಾಕ್ಸ್ ಫಾರಂನಲ್ಲಿ ಅದು 11ನೇ ಸಾಲು. ಸಂಬಳ 1,10,000 ಡಾಲರ್ ಇದ್ದು, ಅದರಲ್ಲಿ 15,000 ಮಾಮೂಲಿ 401ಕೆ ಅನ್ನುವ ನಿವೃತ್ತಿ ಉಳಿತಾಯ ಖಾತೆಗೆ ಹೋಗಿದ್ದರೆ, ಬೇರೆ ಆದಾಯ ಇಲ್ಲದವರಿಗೆ ಆ ಸಾಲು 95,000ದ ಹತ್ತಿರ ನಿಲ್ಲುತ್ತದೆ. ಅಂಥವರಿಗೆ ಎಷ್ಟು ಕಾಲೇಜು ಹಾಕಿದರೂ ಫೀಸು ಸೊನ್ನೆ. ಈ ಒಂದು ಸಾಲು ನೋಡದೆ ಪ್ರೊಫೈಲ್ ಸಹವಾಸವೇ ಬೇಡ ಅಂದುಕೊಂಡವರು ನಮ್ಮ ಪರಿಚಯದಲ್ಲೇ ಇದ್ದಾರೆ. ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ನಮ್ಮ ಆದಾಯ ಆ ಗೆರೆ ದಾಟಿತ್ತು, ಹಾಗಾಗಿ ಫೀಸು ಕಟ್ಟಲೇಬೇಕಿತ್ತು. ಮಗಳ ಪಟ್ಟಿಯಲ್ಲಿ ಪ್ರೊಫೈಲ್ ಕೇಳುವ ಕಾಲೇಜುಗಳು ಏಳು. 25ಕ್ಕೆ ಆರು ಹದಿನಾರು ಸೇರಿಸಿದರೆ 121 ಡಾಲರ್. ಕಟ್ಟುವ ಮೊದಲು ಪ್ರತಿ ಕಾಲೇಜಿನ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ನೋಡಿದೆವು. 2011ರಿಂದ ಇದನ್ನು ಕಾಲೇಜುಗಳು ತಮ್ಮ ತಾಣದಲ್ಲಿ ಇಡಲೇಬೇಕು ಅಂತ ಕಾನೂನಿದೆ, ಇದೂ ಉಚಿತ. ಆದಾಯ, ಉಳಿತಾಯ ಹಾಕಿದರೆ ನಮಗೆ ಅಂದಾಜು ಎಷ್ಟು ಬೀಳುತ್ತದೆ ಅಂತ ಹೇಳುತ್ತದೆ. ಮನೆ ಬಾಡಿಗೆಗೆ ಕೊಟ್ಟವರಿಗೆ, ಸ್ವಂತ ವ್ಯಾಪಾರ ಇರುವವರಿಗೆ ಈ ಅಂದಾಜು ಅಷ್ಟು ಸರಿಯಾಗಿ ಬರುವುದಿಲ್ಲ. ಬರೀ ಸಂಬಳದವರಿಗೆ ಪರವಾಗಿಲ್ಲ. ನಮಗೆ ಎರಡು ಕಾಲೇಜುಗಳಲ್ಲಿ ಸಹಾಯ ಸೊನ್ನೆ ಅಂತ ಬಂತು.

"ಅಮ್ಮಾ, ಹಾಗಾದ್ರೆ ಅವೆರಡಕ್ಕೆ ಅಪ್ಲೈ ಮಾಡೋದೇ ಬೇಡ್ವಾ?" ಅಂದಳು ಮಗಳು.

"ಇಷ್ಟು ಫೀಸು ಪೂರ್ತಿ ಕಟ್ಟಕ್ಕೆ ನಮ್ ಕೈಲಿ ಆಗಲ್ಲ ಕಣೇ" ಅಂತ ನೇರವಾಗಿಯೇ ಹೇಳಿದೆ. ಅವೆರಡನ್ನೂ ಬಿಟ್ಟಳು. ಉಳಿದದ್ದು ಐದು. 89 ಡಾಲರ್. ಆ ಎರಡು ಕಾಲೇಜುಗಳ ಅರ್ಜಿ ಫೀಸೂ ಉಳಿಯಿತು. ಒಂದು ಮಾತು: ಕಾಲೇಜಿನ ಪೂರ್ತಿ ಫೀಸು ನಾವೇ ಕಟ್ಟುತ್ತೇವೆ ಅಂತ ಪ್ರೊಫೈಲ್ ಬಿಡುವವರು ಆ ಕಾಲೇಜಿನ ನಿಯಮ ಮೊದಲು ಓದಿ. ಮೊದಲ ವರ್ಷ ಸಹಾಯ ಕೇಳದಿದ್ದರೆ ಮುಂದೆ ಕೇಳಲು ಕೆಲವು ಕಡೆ ನಿರ್ಬಂಧ ಇದೆ.

ಉಳಿದ ಐದಕ್ಕೂ ಒಂದೇ ಸಲ ಕಟ್ಟಲಿಲ್ಲ. ನನಗೆ ಎಲ್ಲಕ್ಕಿಂತ ಉಪಯೋಗ ಅನ್ನಿಸಿದ್ದು ಇದೇ. ಕಾಲೇಜುಗಳನ್ನು ಆಮೇಲೆ ಸೇರಿಸಿದರೂ ಅದೇ 16 ಡಾಲರ್, ತಡವಾಯಿತು ಅಂತ ಜಾಸ್ತಿ ಇಲ್ಲ. ಮಗಳು ಒಂದು ಕಾಲೇಜಿಗೆ ಅರ್ಲಿ ಡಿಸಿಷನ್, ಅಂದರೆ ಸಿಕ್ಕರೆ ಸೇರುತ್ತೇನೆ ಅಂತ ಮೊದಲೇ ಒಪ್ಪಿ ಹಾಕುವ ಅರ್ಜಿ, ಹಾಕಿದ್ದಳು. ಅಲ್ಲಿ ಸೀಟು ಸಿಕ್ಕಿ, ಕೊಟ್ಟ ಸಹಾಯವೂ ಸಾಕಾದರೆ ಅಲ್ಲಿಗೇ ಸೇರಬೇಕು, ಬೇರೆ ಅರ್ಜಿ ವಾಪಸ್ ತೆಗೆಯಬೇಕು. ಹಾಗಿರುವಾಗ ಉಳಿದ ನಾಲ್ಕಕ್ಕೆ ಮೊದಲೇ ಯಾಕೆ ಕಟ್ಟಬೇಕು, ಅಲ್ವಾ? ನವೆಂಬರ್ ಡೆಡ್‌ಲೈನಿಗೆ ಆ ಒಂದಕ್ಕೆ ಮಾತ್ರ 25 ಡಾಲರ್ ಕಟ್ಟಿ ಕಳಿಸಿದೆವು. ಡಿಸೆಂಬರ್ ಮಧ್ಯದಲ್ಲಿ ಫಲಿತಾಂಶ ಬಂತು, ಸೀಟು ಸಿಗಲಿಲ್ಲ. ಅವಳು ಅತ್ತಳು. ಆವತ್ತು ಈ ಲೆಕ್ಕದ ಮಾತೇ ಎತ್ತಲಿಲ್ಲ. ಉಳಿದ ನಾಲ್ಕರ ಏಡ್ ಡೆಡ್‌ಲೈನ್‌ಗಳನ್ನು ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೆ, ಎಲ್ಲಕ್ಕೂ ಟೈಮ್ ಇತ್ತು. ಆಮೇಲೆ ಸೇರಿಸಿದೆವು. ಸ್ನೇಹಿತರ ಮಗನಿಗೆ ಅರ್ಲಿಯಲ್ಲೇ ಸೀಟು ಸಿಕ್ಕಿತು. ಅವರ ಖರ್ಚು 25 ಡಾಲರಿಗೇ ಮುಗಿಯಿತು. ಡೆಡ್‌ಲೈನ್ ಮಾತ್ರ ಒಂದೊಂದು ಕಾಲೇಜಿನದು ಒಂದೊಂದು ಥರ. ಅದನ್ನು ನೋಡದೆ ಈ ದಾರಿ ಹಿಡಿಯಬೇಡಿ.

ಫೀಸಿಗಿಂತ ಹೆಚ್ಚು ತೆರಬೇಕಾದದ್ದು ಸಮಯ. ಪ್ರೊಫೈಲ್ ಬಹಳ ಕೆದಕುತ್ತದೆ. ಮನೆ ಯಾವ ವರ್ಷ ಕೊಂಡಿರಿ, ಎಷ್ಟಕ್ಕೆ, ಈಗ ಎಷ್ಟು ಬಾಳುತ್ತದೆ, ಸಾಲ ಎಷ್ಟಿದೆ. ಫಾಫ್ಸಾ ವಾಸದ ಮನೆಯ ಸುದ್ದಿಗೇ ಬರುವುದಿಲ್ಲ. ಆದರೆ ಊರಲ್ಲಿ ನಿಮ್ಮ ಹೆಸರಿನಲ್ಲಿರುವ ಸೈಟು, ಫ್ಲ್ಯಾಟು ಎರಡರಲ್ಲೂ ತೋರಿಸಬೇಕು. ಇವತ್ತಿನ ಬೆಲೆಯನ್ನು ಡಾಲರಿಗೆ ತಿರುಗಿಸಿ, ಫಾಫ್ಸಾದಲ್ಲಿ ಸಾಲ ಕಳೆದು, ಪ್ರೊಫೈಲ್‌ನಲ್ಲಿ ಬೆಲೆ, ಸಾಲ ಬೇರೆ ಬೇರೆಯಾಗಿ ಹಾಕಬೇಕು. ಮಾವನವರ ಹೆಸರಿನಲ್ಲೇ ಇರುವ ತೋಟ ನಿಮ್ಮದಲ್ಲ, ಅದನ್ನು ಹಾಕಬೇಕಾಗಿಲ್ಲ. ನಮ್ಮ ಸೈಟಿನ ಬೆಲೆಯನ್ನು ಮೈದುನನಿಗೆ ಫೋನ್ ಮಾಡಿ ಕೇಳಿಕೊಂಡು, ಅಕ್ಕಪಕ್ಕ ಎಷ್ಟಕ್ಕೆ ಹೋಗಿದೆ ಅಂತ ನೋಡಿ ಹಾಕಿದೆವು. "ಯಾರು ನೋಡ್ತಾರೆ ಬಿಡಿ" ಅನ್ನುವವರ ಮಾತು ಕೇಳಬೇಡಿ. ಕೆಳಗೆ ಸಹಿ ಹಾಕುವುದು ನೀವು, ನಿಮ್ಮ ಮಗು.

ಕೆಲವು ಕಾಲೇಜುಗಳು ಆಮೇಲೆ ಐಡಾಕ್ ಅನ್ನುವ ಕಾಲೇಜ್ ಬೋರ್ಡಿನ ಆನ್‌ಲೈನ್ ಸೇವೆಯ ಮೂಲಕ ಟ್ಯಾಕ್ಸ್ ಕಾಗದ ಕೇಳುತ್ತವೆ. ಅದಕ್ಕೆ ಬೇರೆ ಫೀಸು ಇಲ್ಲ. ಐ.ಆರ್.ಎಸ್. ಟ್ರಾನ್ಸ್‌ಕ್ರಿಪ್ಟ್ (ನಿಮ್ಮ ಟ್ಯಾಕ್ಸ್ ವಿವರದ ಸಾರಾಂಶ) ಕೂಡ ಅವರ ತಾಣದಲ್ಲೇ ಉಚಿತವಾಗಿ ಸಿಗುತ್ತದೆ.

ಎಚ್-4, ಅಂದರೆ ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ವೀಸಾದಲ್ಲಿರುವ ಮಕ್ಕಳ ವಿಷಯ ಬೇರೆ. ಫಾಫ್ಸಾದ ಸರ್ಕಾರಿ ಹಣ ನಾಗರಿಕರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಸಿಗುತ್ತದೆ, ಎಚ್-4 ಮಕ್ಕಳಿಗೆ ಸಿಗುವುದಿಲ್ಲ. ಕಾಲೇಜಿನ ಸ್ವಂತ ನಿಧಿ ಕೆಲವು ಕಡೆ ಸಿಗುತ್ತದೆ. ಪ್ರೊಫೈಲ್‌ಗೆ ದುಡ್ಡು ಕಟ್ಟುವ ಮೊದಲು ಆ ಕಾಲೇಜಿನ ಏಡ್ ಆಫೀಸಿಗೆ ಒಂದು ಇಮೇಲ್ ಹಾಕಿ ಕೇಳಿ. ಫೀಸು ಕಷ್ಟವಾದರೆ ಅದನ್ನೂ ಅದರಲ್ಲೇ ಬರೆಯಿರಿ.

ಇದು ಒಂದು ವರ್ಷಕ್ಕೆ ಮುಗಿಯುವ ಖರ್ಚಲ್ಲ. ಫಾಫ್ಸಾವನ್ನು ಪ್ರತಿ ವರ್ಷ ಹೊಸದಾಗಿ ಹಾಕಬೇಕು. ಪ್ರೊಫೈಲನ್ನು ಕೆಲವು ಕಾಲೇಜುಗಳು ಮೊದಲ ವರ್ಷ ಮಾತ್ರ ಕೇಳುತ್ತವೆ, ಕೆಲವು ಪ್ರತಿ ವರ್ಷ ಕೇಳುತ್ತವೆ. ಮಗಳು ಸೇರಿದ ಕಾಲೇಜು ಪ್ರತಿ ವರ್ಷ ಕೇಳುವಂಥದ್ದು. ಅದಕ್ಕೇ ಟ್ಯಾಕ್ಸ್ ಕಾಗದ, ಸೈಟಿನ ಲೆಕ್ಕ, ಮನೆ ಸಾಲದ ಸ್ಟೇಟ್‌ಮೆಂಟ್ ಎಲ್ಲಾ ಒಂದೇ ಫೈಲಿನಲ್ಲಿ ಇಟ್ಟಿದ್ದೇವೆ. ಮುಂದಿನ ಸಲದಿಂದ ಕಾಲೇಜು ಒಂದೇ, ಹಾಗಾಗಿ ಫೀಸು 25 ಡಾಲರ್.