ಹುಳುವಿಗೂ ಒಂದು ಪಾಲು: ಬಿಟಿ ಮೆಕ್ಕೆಜೋಳದ ಜೊತೆ ಆಶ್ರಯ ಬೆಳೆ

ಅಮೆರಿಕದ ರೈತರು 1996ರಿಂದ ಬಿಟಿ ಮೆಕ್ಕೆಜೋಳ ಬೆಳೆಯುತ್ತಿದ್ದಾರೆ. (ನಮ್ಮಲ್ಲಿ ಇದನ್ನು ಬೆಳೆಯಲು ಅನುಮತಿಯಿಲ್ಲ.) ಬ್ಯಾಸಿಲಸ್ ತುರಿಂಜಿಯೆನ್ಸಿಸ್ (ಚಿಕ್ಕದಾಗಿ ಬಿಟಿ) ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಜೀನ್ ಸೇರಿಸಿರುವುದರಿಂದ ಗಿಡವೇ ಕ್ರೈ ಎಂಬ ಪ್ರೋಟೀನ್ ತಯಾರಿಸುತ್ತದೆ. ಎಲೆ ತಿಂದ ಕಾಂಡಕೊರಕದ ಕರುಳು ತೂತಾಗಿ ಅದು ಕೆಲವೇ ದಿನಗಳಲ್ಲಿ ಸಾಯುತ್ತದೆ. ಆದರೂ ಆ ರೈತ ಪಕ್ಕದಲ್ಲೇ ಬಿಟಿಯಲ್ಲದ ಮೆಕ್ಕೆಜೋಳವನ್ನೂ ಬಿತ್ತಬೇಕು. ಅದೇ ಆಶ್ರಯ ಬೆಳೆ.

ಮೊದಲು ಎಕರೆ ಲೆಕ್ಕ. ಐಯೊವ, ಇಲಿನಾಯ್‌ನಂಥ ಮೆಕ್ಕೆಜೋಳದ ರಾಜ್ಯಗಳಲ್ಲಿ, ಕೊರಕಗಳ ವಿರುದ್ಧ ಒಂದೇ ಪ್ರೋಟೀನ್ ಇರುವ ತಳಿಯಾದರೆ 100 ಎಕರೆಯಲ್ಲಿ 20 ಎಕರೆ ಆಶ್ರಯಕ್ಕೆ. ಹತ್ತಿ ಬೆಳೆಯುವ ದಕ್ಷಿಣ ರಾಜ್ಯಗಳಲ್ಲಿ 50. ಅಲ್ಲಿ ಮೆಕ್ಕೆಜೋಳದ ತೆನೆ ಕೊರೆಯುವ ಹುಳುವೇ ಬಿಟಿ ಹತ್ತಿಯ ಕಾಯಿಗೂ ಬೀಳುತ್ತದೆ, ಹಾಗಾಗಿ ಅದಕ್ಕೆ ಎರಡೂ ಬೆಳೆಯಲ್ಲಿ ಬಿಟಿ ಎದುರಾಗುತ್ತದೆ.

ಆಮೇಲೆ ಜಾಗ. ಬಿಟಿ ಹೊಲದಿಂದ ಅರ್ಧ ಮೈಲಿ, ಅಂದರೆ ಸುಮಾರು 800 ಮೀಟರ್ ಒಳಗಿರಬೇಕು. ಹೊಲದೊಳಗೇ ಪಟ್ಟಿ ಹಾಕುವುದಾದರೆ ಕನಿಷ್ಠ 4 ಸಾಲು. ಎರಡನ್ನೂ ಒಂದೇ ಹೊತ್ತಿಗೆ ಬಿತ್ತಬೇಕು, ಆಶ್ರಯಕ್ಕೆ ಬಿಟಿ ಪುಡಿ (ಅದೇ ಬ್ಯಾಕ್ಟೀರಿಯಾದ ಕೀಟನಾಶಕ) ಸಿಂಪಡಿಸಬಾರದು.

ಇಷ್ಟೆಲ್ಲ ಯಾಕೆ? ಲಕ್ಷಾಂತರ ಹುಳುಗಳಲ್ಲಿ ಒಂದೆರಡು ಬಿಟಿ ತಿಂದೂ ಬದುಕುತ್ತವೆ. ಅವು ತಮ್ಮತಮ್ಮಲ್ಲೇ ಕೂಡಿದರೆ ಸಂತತಿಯೂ ಬಿಟಿಗೆ ಬಗ್ಗುವುದಿಲ್ಲ. ಆಶ್ರಯದಿಂದ ಹಿಂಡುಹಿಂಡಾಗಿ ಬರುವ ಸಾಧಾರಣ ಪತಂಗಗಳೊಡನೆ ಕೂಡಿದರೆ, ಮರಿಗಳು ಬಹುಪಾಲು ಬಿಟಿ ಗಿಡದಲ್ಲಿ ಸಾಯುತ್ತವೆ. ಪತಂಗಗಳು ಒಂದೇ ಕಾಲಕ್ಕೆ, ಹತ್ತಿರದಲ್ಲೇ ಹೊರಬರಬೇಕಾದದ್ದು ಇದಕ್ಕೇ.

ಇಳುವರಿ ಹೋಗುತ್ತದೆಂದು ಆಶ್ರಯ ಬಿಡದವರು ಅಲ್ಲೂ ಇದ್ದಾರೆ. ಬಿಟಿ ಹತ್ತಿ ಪೊಟ್ಟಣದ ಜೊತೆ ಬರುತ್ತಿದ್ದ 120 ಗ್ರಾಂ ಬಿಟಿಯಲ್ಲದ ಬೀಜವನ್ನು ಬಿಸಾಡಿದವರು ನಮ್ಮಲ್ಲೇನು ಕಡಿಮೆಯೇ? ಗುಲಾಬಿ ಕಾಯಿಕೊರಕ ಇಲ್ಲಿ ಬಿಟಿಯನ್ನು ಜೀರ್ಣಿಸಿಕೊಂಡಿದ್ದಕ್ಕೆ ಅದೂ ಒಂದು ಕಾರಣ.

ಒಂದೇ ಹುಳುವಿಗೆ ಎರಡು ಪ್ರೋಟೀನ್ ಇರುವ ತಳಿಗಳಲ್ಲಿ, ಚೀಲದಲ್ಲೇ ಶೇ 5ರಷ್ಟು ಬಿಟಿಯಲ್ಲದ ಬೀಜ ಬೆರೆಸಿ ಕೊಡುತ್ತಾರೆ. ರೈತನಿಗೆ ಆರಾಮ. ಆದರೆ ಬಿಟಿ ಪರಾಗ ಪಕ್ಕದ ತೆನೆಗೂ ಬೀಳುವುದರಿಂದ ಅಲ್ಲಿನ ಹುಳುವಿಗೆ ಅರೆಬರೆ ಪ್ರಮಾಣದ ವಿಷ ಸಿಗುತ್ತದೆ. ಅದು ಪೂರ್ತಿ ವಿಷಕ್ಕಿಂತ ಅಪಾಯ, ಯಾಕೆಂದರೆ ಬಿಟಿಯನ್ನು ಸ್ವಲ್ಪವೇ ತಡೆದುಕೊಳ್ಳುವ ಹುಳುವೂ ಬದುಕಿಬಿಡುತ್ತದೆ. ದಕ್ಷಿಣ ರಾಜ್ಯಗಳಲ್ಲಿ ಈ ಚೀಲವೊಂದೇ ಸಾಲದು, ಪ್ರತ್ಯೇಕ ಆಶ್ರಯವೂ ಬೇಕು.

ಬಿತ್ತಿದ ಮೇಲೂ ಹೊಲ ಸುತ್ತಬೇಕು. ಅಮೆರಿಕದ ಪೋರ್ಟೊ ರಿಕೊ ದ್ವೀಪದಲ್ಲಿ ಸೈನಿಕ ಹುಳು 2006ರಲ್ಲೇ ಬಿಟಿ ಜೋಳವನ್ನು ಬೋಳು ಮಾಡಿತ್ತು. ಬಿಟಿ ಗಿಡದ ಸುಳಿಯಲ್ಲಿ ದೊಡ್ಡ ಹುಳು, ಹಿಕ್ಕೆ ಕಂಡರೆ ಬೀಜ ಕೊಟ್ಟವರಿಗೆ ತಕ್ಷಣ ತಿಳಿಸಬೇಕು. ಮುಂದಿನ ಹಂಗಾಮಿಗೆ ಬೇರೆ ಪ್ರೋಟೀನಿನ ತಳಿ ಹುಡುಕಬೇಕು.